ಕಪ್ಪೆ ಹೃದಯದ ಗ್ರಾಫ್ ಓದುವುದು ಹೇಗೆ?

ಮುಂಬಯಿ ಸುತ್ತಿನ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮ ಕನ್ನಡದ ಮಕ್ಕಳು ಫಾರ್ಮಸಿ ಪ್ರಾಕ್ಟಿಕಲ್ ಹತ್ತಿರ ಬಂದಾಗ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಈಗ ಹೆಚ್ಚಿನ ಕಡೆ ಜೀವಂತ ಕಪ್ಪೆ ಇಲ್ಲ, ಕಂಪ್ಯೂಟರ್ ಪರದೆ ಮೇಲೆ ಹೃದಯದ ಬಡಿತ ತೋರಿಸುವ ಗೆರೆ ಓಡುತ್ತದೆ. ಅಡ್ರಿನಲಿನ್ ಹಾಕಿದಾಗ "ಹೃದಯ ಚುರುಕಾಯಿತು" ಅಂತ ಬರೆದು ಕೂತರೆ ಸಾಲದು. ಅದರಲ್ಲಿ ಎರಡು ವಿಷಯ ಇವೆ: ಬಡಿತ ಎಷ್ಟು ಬೇಗ, ಹಿಂಡುವ ಬಲ ಎಷ್ಟು. ಎರಡನ್ನೂ ಬೇರೆ ಬೇರೆ ಅಳೆಯಿರಿ.

ಔಷಧಿ ಹಾಕುವ ಮುಂಚಿನ ಗೆರೆಯನ್ನು ಮೊದಲು ಅಳೆದಿಡಿ. ಬಲಕ್ಕೆ, ಗೆರೆಯ ತುದಿಯಿಂದ ಬುಡದವರೆಗಿನ ಎತ್ತರ ನೋಡಿ. ವೇಗಕ್ಕೆ, ಒಂದು ಬಡಿತದ ತುದಿಯಿಂದ ಮುಂದಿನ ಬಡಿತದ ತುದಿಗಿರುವ ಅಂತರ ನೋಡಿ. ಕಾಗದ (ಪರದೆಯಲ್ಲಾದರೆ ಗೆರೆ) ಸೆಕೆಂಡಿಗೆ 2 ಮಿ.ಮೀ. ಓಡುತ್ತಿದೆ, ಅಂತರ 4 ಮಿ.ಮೀ. ಇದೆ ಅಂದುಕೊಳ್ಳಿ, ಆಗ ಒಂದು ಬಡಿತಕ್ಕೆ 2 ಸೆಕೆಂಡ್, ನಿಮಿಷಕ್ಕೆ 30. ಅಂತರ 3 ಮಿ.ಮೀ. ಆದರೆ 40. ಕಾಗದದ ವೇಗ ಕೇಳದೆ ಲೆಕ್ಕ ಹಾಕಬೇಡಿ.

ಈಗ ಅಡ್ರಿನಲಿನ್ ಹಾಕಿ. ಗೆರೆ ಎತ್ತರವಾಗುತ್ತದೆ, ಒತ್ತೊತ್ತಾಗುತ್ತದೆ. ಇನ್ನೂ ಹತ್ತಿರದಿಂದ ನೋಡಿದರೆ ಒಂದೊಂದು ಬಡಿತವೂ ಸಪೂರ ಆಗಿರುತ್ತದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಕಾರಣ ಹೀಗೆ: ಔಷಧಿ ಬೀಟಾ ರಿಸೆಪ್ಟರ್ (ಜೀವಕೋಶದ ಮೇಲೆ ಔಷಧಿ ಕೂರುವ ಜಾಗ) ಹಿಡಿಯುತ್ತದೆ, ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚುತ್ತದೆ, ಪ್ರತಿ ಬಡಿತಕ್ಕೂ ಜಾಸ್ತಿ ಕ್ಯಾಲ್ಸಿಯಂ ಒಳಗೆ ಬರುತ್ತದೆ, ಹಾಗಾಗಿ ಬಲ. ಅದೇ ಕ್ಯಾಲ್ಸಿಯಂ ಬೇಗನೆ ವಾಪಸ್ ಜೀವಕೋಶದೊಳಗಿನ ಉಗ್ರಾಣಕ್ಕೂ ಹೋಗುತ್ತದೆ, ಹಾಗಾಗಿ ಸ್ನಾಯು ಬೇಗ ಸಡಿಲವಾಗುತ್ತದೆ. ಬಡಿತ ಓಡುವಾಗ ರಕ್ತ ತುಂಬಿಕೊಳ್ಳಲು ಸಮಯ ಬೇಕಲ್ವಾ? ಎಷ್ಟು ಚೆಂದದ ಏರ್ಪಾಡು ನೋಡಿ.

ಹೆಸರಿಲ್ಲದ ಔಷಧಿ ಕೊಟ್ಟರೆ ಸುಮ್ನೆ ಊಹಿಸಬೇಡಿ. ಬೀಟಾ ರಿಸೆಪ್ಟರನ್ನು ತಡೆಯುವ ಪ್ರೊಪ್ರನಲಾಲ್ ಹಾಕಿ, ಮತ್ತೆ ಅದೇ ಔಷಧಿ ಹಾಕಿ. ಪರಿಣಾಮ ಮಾಯವಾದರೆ ಅದು ಬೀಟಾ ದಾರಿಯದ್ದು. ಹಾಗೇ ಉಳಿದರೆ ಕ್ಯಾಲ್ಸಿಯಂ ಕ್ಲೋರೈಡ್ ಇರಬಹುದು, ಅದಕ್ಕೆ ರಿಸೆಪ್ಟರ್ ಬೇಕಿಲ್ಲ.

ವೈವಾದಲ್ಲಿ (ಬಾಯಿ ಪರೀಕ್ಷೆಯಲ್ಲಿ) ಎಡವುವ ಜಾಗ ನಾರ್‌ಅಡ್ರಿನಲಿನ್. ದೇಹದಿಂದ ಹೊರತೆಗೆದ ಬಿಡಿ ಹೃದಯದಲ್ಲಿ ಅದೂ ವೇಗ, ಬಲ ಎರಡನ್ನೂ ಹೆಚ್ಚಿಸುತ್ತದೆ. ಮನುಷ್ಯನ ರಕ್ತನಾಳಕ್ಕೆ ಕೊಟ್ಟರೆ ಮಾತ್ರ ನಾಡಿ ಎಷ್ಟೋ ಸಲ ಇಳಿಯುತ್ತದೆ! ಅದು ಆಲ್ಫಾ ರಿಸೆಪ್ಟರ್ ಮೂಲಕ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಬಿಪಿ ಏರುತ್ತದೆ, ಕುತ್ತಿಗೆಯ ಮತ್ತು ಮಹಾಧಮನಿಯ ಒತ್ತಡದ ಸೆನ್ಸರ್‌ಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಹೃದಯವನ್ನು ನಿಧಾನ ಮಾಡುತ್ತದೆ. ಬಿಡಿ ಹೃದಯಕ್ಕೆ ಈ ನರದ ಸಂಪರ್ಕವೇ ಇಲ್ಲ. ಆದ್ದರಿಂದ ಪ್ರಶ್ನೆ ಕೇಳಿದ ತಕ್ಷಣ, ಹೃದಯ ಬಿಡಿಯಾಗಿದೆಯೋ ದೇಹದಲ್ಲಿದೆಯೋ ಅಂತ ನೀವೇ ವಾಪಸ್ ಕೇಳಿ.

ಬೀಟಾ ರಿಸೆಪ್ಟರನ್ನೇ ಹಿಡಿಯುವ ಐಸೊಪ್ರಿನಲಿನ್ ಬಿಡಿ ಹೃದಯ, ದೇಹ ಎರಡೂ ಕಡೆ ವೇಗ ಏರಿಸುತ್ತದೆ. ಇದೇ ಬಳಗದ ಡೊಬುಟಮಿನ್ ವೇಗಕ್ಕಿಂತ ಬಲವನ್ನು ಹೆಚ್ಚು ಏರಿಸುತ್ತದೆ, ಅದಕ್ಕೇ ಹೃದಯ ಸೋತವರಿಗೆ ಐಸಿಯುನಲ್ಲಿ ಕೊಡುತ್ತಾರೆ.

ನಾಳೆ ನೀವು ಮೆಡಿಕಲ್ ಶಾಪಿನಲ್ಲಿ ನಿಂತಾಗ ಯಾರಾದರೂ ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದ ಮೇಲೆ ಎದೆ ಡವಡವ ಅನ್ನುತ್ತದೆ ಅಂದರೆ, ಅದು ಇದೇ ಬಳಗದ ಔಷಧಿ ಅಂತ ನೆನಪಿಡಿ. ಎಷ್ಟು ಸಲ ಎಳೆದರು ಅಂತ ಕೇಳಿ. ಎದೆನೋವು, ತಲೆಸುತ್ತು ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಕಳಿಸಿ.