ಕ್ರೆಡಿಟ್ ಕಾರ್ಡ್ ವಿಳಂಬ ಶುಲ್ಕ: ನಿಯಮ ಮೀರಿ ಹಾಕಿದ್ದರೆ ಮರಳಿ ಪಡೆಯುವ ಬಗೆ

ಕೆಲವು ತಿಂಗಳ ಹಿಂದೆ ನನ್ನ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನ ಎರಡನೇ ಪುಟದಲ್ಲಿ ಎರಡು ಸಾಲುಗಳಿದ್ದವು: ಲೇಟ್ ಪೇಮೆಂಟ್ ಫೀ 750 ರೂಪಾಯಿ, ಅದರ ಕೆಳಗೆ ಜಿಎಸ್‌ಟಿ 135 ರೂಪಾಯಿ. ಹಣ ಕಟ್ಟಲು ಕೊನೆಯ ದಿನ 14ನೇ ತಾರೀಕು, ಶನಿವಾರ. ಮದುವೆಗೆಂದು ಊರಿಗೆ ಹೋಗಿದ್ದ ನಾನು 16ರ ಸೋಮವಾರ ಬೆಳಿಗ್ಗೆ ಪೂರ್ತಿ ಬಾಕಿಯನ್ನು ಯುಪಿಐ ಮೂಲಕ ಕಟ್ಟಿದ್ದೆ. ಹಣ ಅಂದೇ ಜಮೆಯಾಗಿತ್ತು. ತಡ ಮಾಡಿದ್ದು ನಾನೇ ತಾನೆ ಎಂದುಕೊಂಡು ಸುಮ್ಮನಾಗುವವಳಿದ್ದೆ. ನಿಯಮವನ್ನು ತೆಗೆದು ಓದಿದಾಗಲೇ, ಆ 885 ರೂಪಾಯಿಯನ್ನು ಕೇಳುವ ಅಧಿಕಾರ ಬ್ಯಾಂಕಿಗೆ ಇರಲಿಲ್ಲ ಎಂಬುದು ತಿಳಿದದ್ದು.

ಆ ನಿಯಮ ಭಾರತೀಯ ರಿಸರ್ವ್ ಬ್ಯಾಂಕಿನದು. ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್‌ಗಳ ಬಗ್ಗೆ 2022ರ ಏಪ್ರಿಲ್ 21ರಂದು ಹೊರಡಿಸಿ, ಅದೇ ವರ್ಷದ ಜುಲೈ 1ರಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ, ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚು ಕಾಲ ಬಾಕಿ ಉಳಿದರೆ ಮಾತ್ರ ವಿಳಂಬ ಶುಲ್ಕ ಹಾಕಬಹುದು. ಹಾಕುವಾಗಲೂ ಕೊನೆಯ ದಿನದ ನಂತರ ಉಳಿದಿರುವ ಬಾಕಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೇ ಹೊರತು ಬಿಲ್ಲಿನ ಇಡೀ ಮೊತ್ತವನ್ನಲ್ಲ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕುವಂತಿಲ್ಲ. ಶುಲ್ಕದ ದರ ಏರಿಸುವುದಾದರೆ ಕನಿಷ್ಠ ಒಂದು ತಿಂಗಳು ಮೊದಲೇ ತಿಳಿಸಬೇಕು. ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಕೊಟ್ಟ ಕಾರ್ಡಿಗೆ ಶುಲ್ಕ ಹಾಕಿದ್ದರೆ, ಅದನ್ನು ರದ್ದು ಮಾಡುವುದಲ್ಲದೆ ಅದರ ಎರಡರಷ್ಟು ಮೊತ್ತವನ್ನು ದಂಡವಾಗಿ ನಿಮಗೇ ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿರೆಂದು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿಯಂತೆ ಕೊಡಬೇಕು. ಈ ಕೊನೆಯ ಎರಡು ಹಕ್ಕುಗಳ ಬಗ್ಗೆ ಗೊತ್ತಿರುವವರು ಬಹಳ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವಾದ ಹೂಡುವ ಮೊದಲು ಎರಡು ಎಚ್ಚರಿಕೆಗಳು ಬೇಕು. "ಶುಲ್ಕ ಬಹಳ ಹೆಚ್ಚಾಯಿತು, ಬಡ್ಡಿ ಸುಲಿಗೆಯಾಯಿತು" ಎಂಬ ದೂರು ನಿಲ್ಲುವುದು ಕಷ್ಟ. ಕಾರ್ಡ್ ಬಾಕಿಯ ಮೇಲೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ತಳ್ಳಿಹಾಕಿದೆ. ಹಾಗೆಯೇ, ಸಾಲದ ಖಾತೆಗಳ ದಂಡ ಶುಲ್ಕದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆಯನ್ನು ಉಲ್ಲೇಖಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಅದು ಕ್ರೆಡಿಟ್ ಕಾರ್ಡ್‌ಗೆ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಹೇಳಿದೆ. ಆದ್ದರಿಂದ ಮೊತ್ತ ದೊಡ್ಡದೆಂದು ಗೋಳಾಡುವ ಬದಲು, ಯಾವ ನಿಯಮವನ್ನು ಯಾವ ತಾರೀಕಿನಂದು ಮುರಿಯಲಾಗಿದೆ ಎಂಬುದನ್ನೇ ಹಿಡಿದು ನಿಲ್ಲಬೇಕು.

ಮೊದಲ ಹಂತ, ಸ್ಟೇಟ್‌ಮೆಂಟುಗಳನ್ನು ಮುಂದಿಟ್ಟುಕೊಂಡು ಕೂರುವುದು. ಒಂದೇ ತಿಂಗಳದು ಸಾಲದು. ಶುಲ್ಕ ಬಿದ್ದ ತಿಂಗಳು, ಅದರ ಹಿಂದಿನದು, ಮುಂದಿನದು ಮೂರೂ ಬೇಕು. ಒಂದು ಹಾಳೆಯ ಮೇಲೆ ಕೊನೆಯ ದಿನ, ಕನಿಷ್ಠ ಪಾವತಿ ಮೊತ್ತ, ನೀವು ಕಟ್ಟಿದ ಹಣ, ಅದು ಕಾರ್ಡ್ ಖಾತೆಗೆ ಜಮೆಯಾದ ತಾರೀಕು, ಆಮೇಲೆ ಬಿದ್ದ ಶುಲ್ಕ ಇವಿಷ್ಟನ್ನೂ ಬರೆದುಕೊಳ್ಳಿ. ಕೊನೆಯ ದಿನದೊಳಗೆ ಕನಿಷ್ಠ ಮೊತ್ತವನ್ನಾದರೂ ಕಟ್ಟಿದ್ದರೆ ಸಾಮಾನ್ಯವಾಗಿ ವಿಳಂಬ ಶುಲ್ಕ ಬೀಳಬಾರದು. ಉಳಿದ ಬಾಕಿಯ ಮೇಲಿನ ಬಡ್ಡಿ ಬೇರೆ ಲೆಕ್ಕ. ಮೂರು ದಿನಗಳ ರಿಯಾಯಿತಿ ಇರುವುದು ವಿಳಂಬ ಶುಲ್ಕಕ್ಕೇ ಹೊರತು ಬಡ್ಡಿಗಲ್ಲ, ಎರಡನ್ನೂ ಬೆರೆಸಿ ಕೇಳಿದರೆ ಬ್ಯಾಂಕಿನವರು ಬಡ್ಡಿಯ ಮಾತನ್ನೇ ಆಡಿ ಶುಲ್ಕದ ವಿಷಯವನ್ನು ತೇಲಿಸಿಬಿಡುತ್ತಾರೆ. ಮಿತಿ ಮೀರಿದ ಖರ್ಚಿಗೆಂದು ಶುಲ್ಕ ಹಾಕಿದ್ದರೆ, ಮಿತಿ ದಾಟಲು ನೀವು ಯಾವಾಗ ಒಪ್ಪಿಗೆ ಕೊಟ್ಟಿದ್ದೀರಿ ಎಂಬುದಕ್ಕೆ ದಾಖಲೆ ಕೇಳಿ.

ಮುಂದಿನದು ಬರಹದ ದೂರು. ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದರಿಂದ ಕೆಲಸವಾಗುವುದೂ ಉಂಟು, ಆದರೆ "ಈ ಒಂದು ಸಲಕ್ಕೆ ಅರ್ಧ ಬಿಡುತ್ತೇವೆ, ಒಪ್ಪುತ್ತೀರಾ" ಎಂದು ಕೇಳಿದಾಗ ಹ್ಞೂಂ ಎಂದರೆ ದೂರು ಅಲ್ಲಿಗೇ ಮುಗಿಯುತ್ತದೆ. ನನಗೂ ಹಾಗೆಯೇ ಕೇಳಿದರು. ಇಮೇಲ್ ಕಳಿಸುವುದಾಗಿ ಹೇಳಿ ಫೋನ್ ಇಟ್ಟೆ. ನಾನು ಬರೆದದ್ದು ಇಷ್ಟು: "ಪಾವತಿಗೆ ಕೊನೆಯ ದಿನ 14. ಪೂರ್ತಿ ಬಾಕಿ 16ರಂದು ಜಮೆಯಾಗಿದೆ, ರಸೀದಿ ಲಗತ್ತಿಸಿದ್ದೇನೆ. ಬಾಕಿ ಮೂರು ದಿನ ಮೀರಿಲ್ಲದ ಕಾರಣ ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನದ ಪ್ರಕಾರ ವಿಳಂಬ ಶುಲ್ಕ ಹಾಕುವಂತಿಲ್ಲ. 750 ರೂಪಾಯಿ ಶುಲ್ಕ, ಅದರ ಮೇಲಿನ 135 ರೂಪಾಯಿ ಜಿಎಸ್‌ಟಿ, ಈ ಮೊತ್ತದ ಮೇಲೆ ಬಡ್ಡಿ ಹಾಕಿದ್ದರೆ ಆ ಬಡ್ಡಿ, ಇವುಗಳನ್ನು ವಾಪಸ್ ಮಾಡಿ. ಸಾಧ್ಯವಿಲ್ಲವೆಂದರೆ ಕಾರಣವನ್ನು ಬರಹದಲ್ಲಿ ತಿಳಿಸಿ." ಕೋಪದ ಮಾತು ಒಂದೂ ಇರಲಿಲ್ಲ, ಬೇಕೂ ಇರಲಿಲ್ಲ. ನಿರ್ದೇಶನ ಆಗಾಗ ಪರಿಷ್ಕರಣೆಯಾಗುವುದರಿಂದ, ಬರೆಯುವ ದಿನ ರಿಸರ್ವ್ ಬ್ಯಾಂಕಿನ ಜಾಲತಾಣದಿಂದಲೇ ಸಂಬಂಧಪಟ್ಟ ವಾಕ್ಯವನ್ನು ತೆಗೆದು ಹಾಕಿದರೆ ಉತ್ತಮ. ದೂರಿನ ಸಂಖ್ಯೆ ಬಂದೊಡನೆ ಅದನ್ನೂ ತಾರೀಕನ್ನೂ ಗುರುತು ಹಾಕಿಕೊಳ್ಳಿ, ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ ಶುರು. ತಕರಾರಿರುವ ಶುಲ್ಕವನ್ನು ಬಿಟ್ಟು ಉಳಿದ ಬಾಕಿಯನ್ನು ಮಾತ್ರ ತಪ್ಪದೆ ಕಟ್ಟುತ್ತಿರಬೇಕು.

ಬಿಲ್ಲಿನ ಬಗ್ಗೆ ತಕರಾರು ಎತ್ತಿದರೆ ಬ್ಯಾಂಕ್ 30 ದಿನಗಳೊಳಗೆ ವಿವರಣೆಯನ್ನೂ ಅಗತ್ಯವಿದ್ದಲ್ಲಿ ದಾಖಲೆಯನ್ನೂ ಕೊಡಬೇಕು. ಮೊದಲ ಉತ್ತರ ಸಾಮಾನ್ಯವಾಗಿ ಅಚ್ಚು ಹಾಕಿದಂಥದ್ದು, ನಿಮ್ಮ ತಾರೀಕುಗಳ ಮಾತನ್ನೇ ಎತ್ತದಂಥದ್ದು. ಅದನ್ನು ಕೊನೆಯ ಮಾತೆಂದು ಭಾವಿಸದೆ ಕುಂದುಕೊರತೆ ಅಧಿಕಾರಿಗೆ, ಅಲ್ಲಿಂದ ಪ್ರಧಾನ ನೋಡಲ್ ಅಧಿಕಾರಿಗೆ (ದೂರುಗಳಿಗೆಂದೇ ಬ್ಯಾಂಕಿನಲ್ಲಿರುವ ಮೇಲಿನ ಹಂತದ ಅಧಿಕಾರಿ) ಅದೇ ಪತ್ರವನ್ನು ಕಳಿಸಿ. ನನಗೆ ಶುಲ್ಕವೂ ತೆರಿಗೆಯೂ ಮರಳಿ ಬಂದದ್ದು ಈ ಹಂತದಲ್ಲಿ, ದೂರು ಕೊಟ್ಟ 19ನೇ ದಿನ.

ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ಇತ್ಯರ್ಥ ಮಾಡುವ ಅಧಿಕಾರಿ, ಇದ್ದಾರೆ. 2021ರ ನವೆಂಬರ್ 12ರಂದು ಆರಂಭವಾದ ಏಕೀಕೃತ ವ್ಯವಸ್ಥೆಯಲ್ಲಿ ನಿಮ್ಮ ಬ್ಯಾಂಕ್ ಯಾವ ಊರಿನದು ಎಂಬ ಪ್ರಶ್ನೆಯೇ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ಸಿಎಂಎಸ್ (ದೂರು ನಿರ್ವಹಣಾ ವ್ಯವಸ್ಥೆ) ಜಾಲತಾಣದಲ್ಲಿ ದೂರು ದಾಖಲಿಸಬಹುದು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾರ್ಗದರ್ಶನ ಸಿಗುತ್ತದೆ. ಬ್ಯಾಂಕಿಗೆ ಮೊದಲು ಬರಹದಲ್ಲಿ ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ಅರ್ಜಿ ತಿರಸ್ಕೃತವಾಗುತ್ತದೆ. ಅದೇ ವಿಷಯ ಗ್ರಾಹಕ ಆಯೋಗದ ಮುಂದೆ ಇದ್ದರೂ ಅಷ್ಟೇ. ಹಾಗಾಗಿ ಎರಡು ಕಡೆ ಒಮ್ಮೆಲೇ ಕೈ ಹಾಕಬೇಡಿ.

ಒಂದೆರಡು ಶುಲ್ಕದ ಮಾತಲ್ಲದೆ ವರ್ಷಗಟ್ಟಲೆ ಹಾಕಿದ ಶುಲ್ಕ, ವಸೂಲಿ ಏಜೆಂಟರ ಕಾಟ, ಹಾಳಾದ ಸಿಬಿಲ್ ಅಂಕ (ಸಾಲ ತೀರಿಸುವ ಶಿಸ್ತನ್ನು ಅಳೆಯುವ ಅಂಕ) ಎಲ್ಲ ಸೇರಿದ್ದರೆ ಗ್ರಾಹಕ ಆಯೋಗವೇ ಸೂಕ್ತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಹಾವೇರಿಯವರು ಹಾವೇರಿಯಲ್ಲೇ ಕೇಳಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಮೊದಲು ಸಲಹೆ ಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹಣ ವಾಪಸಾಯಿತು ಎಂಬ ಸಂದೇಶ ಬಂದ ಮೇಲೂ ಮುಂದಿನ ಸ್ಟೇಟ್‌ಮೆಂಟನ್ನು ನೋಡಲೇಬೇಕು. ಶುಲ್ಕವನ್ನಷ್ಟೇ ತೆಗೆದು ಶೇ 18ರ ಜಿಎಸ್‌ಟಿಯನ್ನು ಹಾಗೇ ಉಳಿಸಿರಬಹುದು. ಶುಲ್ಕದ ಜೊತೆಗೆ ಬಾಕಿದಾರರೆಂದೂ ವರದಿ ಹೋಗಿತ್ತೇ ಎಂಬುದನ್ನು ತಿಳಿಯಲು ಕ್ರೆಡಿಟ್ ವರದಿಯನ್ನೂ ತರಿಸಿಕೊಳ್ಳಿ. ವರ್ಷಕ್ಕೊಮ್ಮೆ ಅದು ಉಚಿತ. ಅಲ್ಲಿ ತಪ್ಪು ನಮೂದು ಕಂಡರೆ, ಬ್ಯಾಂಕ್ ಶುಲ್ಕ ಹಿಂತಿರುಗಿಸಿದ ಪತ್ರವನ್ನೇ ಲಗತ್ತಿಸಿ ತಿದ್ದುಪಡಿಗೆ ಬರೆಯಬಹುದು.