ಡೊಳ್ಳಿನ ಪೆಟ್ಟಿಗೂ ದೀಪಕ್ಕೂ ಹೊಂದಿಕೆ ತಂದ ಬಗೆ

ದೀಪಾವಳಿಗೆ ಮನೆಯ ಸೂರಿನಂಚಿನುದ್ದಕ್ಕೂ 150 ದೀಪಗಳ ಡಬ್ಲ್ಯುಎಸ್2812ಬಿ ಎಲ್‌ಇಡಿ ಪಟ್ಟಿ (ಒಂದೊಂದು ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸಬಹುದಾದ ಬಗೆ) ಕಟ್ಟಿ, ದೀಪಗಳನ್ನು ಸಂಗೀತಕ್ಕೆ ಹೊಂದಿಸುವ ಎಕ್ಸ್‌ಲೈಟ್ಸ್ ತಂತ್ರಾಂಶದಲ್ಲಿ ಡೊಳ್ಳು ಕುಣಿತದ ಧ್ವನಿಮುದ್ರಣಕ್ಕೆ ಹೊಂದಿಸಿದ್ದೆ. ಎರಡು ತೊಂದರೆಗಳು ಕಾಡಿದವು. ದೀಪ ಮೊದಲು ಮಿಂಚಿ, ಡೊಳ್ಳಿನ ಪೆಟ್ಟು ಆಮೇಲೆ ಕೇಳುತ್ತಿತ್ತು. ಬಿಳಿ ಬಣ್ಣ ಪಟ್ಟಿಯ ಕೊನೆಗೆ ಹೋಗುವಷ್ಟರಲ್ಲಿ ಕೆಂಪಾಗುತ್ತಿತ್ತು.

ಮೊದಲನೆಯದಕ್ಕೆ ಕಾರಣ ಬ್ಲೂಟೂತ್ ಸ್ಪೀಕರ್. ಅದು ಧ್ವನಿಯನ್ನು ತುಸು ತಡವಾಗಿಯೇ ನುಡಿಸುತ್ತದೆ. ಭಾವಗೀತೆಯಾದರೆ ನಡೆದೀತು, ಡೊಳ್ಳಿಗೆ ಆ ರಿಯಾಯಿತಿ ಇಲ್ಲ. ಕಂಪ್ಯೂಟರಿನಿಂದ ಸ್ಪೀಕರ್‌ಗೆ ನೇರವಾಗಿ ತಂತಿ ಎಳೆದೆ, ಸರಿಹೋಯಿತು.

ಬಣ್ಣದ ವಿಷಯ ಇನ್ನೂ ಸ್ವಾರಸ್ಯಕರ. ಒಂದೊಂದು ದೀಪದಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಣ್ಣುಗಳಿವೆ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು. ಹಸಿರು, ನೀಲಿಗೆ 3ರ ಆಸುಪಾಸು ಬೇಕು. ಪೂರ್ತಿ ಬಿಳಿಯಾಗಿ ಉರಿಯುವ ದೀಪ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. 150 ದೀಪಗಳಿಗೆ 9 ಆಂಪಿಯರ್! ಪಟ್ಟಿಗೆ ಕೊಡುವ 5 ವೋಲ್ಟ್ ಅದರ ತೆಳುವಾದ ತಾಮ್ರದಲ್ಲಿ ಇಳಿಯುತ್ತಾ ಹೋದಂತೆ ಮೊದಲು ನೀಲಿ, ಹಸಿರು ಸೊರಗುತ್ತವೆ, ಕೆಂಪು ಮಾತ್ರ ಉಳಿಯುತ್ತದೆ. ಮಲ್ಟಿಮೀಟರ್ ಹಿಡಿದರೆ ಕೊನೆಯಲ್ಲಿ ವೋಲ್ಟೇಜ್ ಕುಸಿದಿರುವುದು ಸ್ಪಷ್ಟವಾಗಿ ಕಾಣುತ್ತದೆ.

ವಿದ್ಯುತ್ ಆರಿಸಿ, ಅದೇ 5 ವೋಲ್ಟ್ ಪೂರೈಕೆಯಿಂದ ದಪ್ಪ ತಂತಿಯ ಜೋಡಿಯೊಂದನ್ನು ಪಟ್ಟಿಯ ಕೊನೆಗೂ ಕೊಟ್ಟೆ. ಧನ (+) ತಂತಿಗೆ ಫ್ಯೂಸ್ ಹಾಕಿದೆ. ದೀಪಗಳಿಗೆ ಬಣ್ಣದ ಸೂಚನೆ ಒಯ್ಯುವ ದತ್ತಾಂಶದ ತಂತಿಯನ್ನು ಮುಟ್ಟಲಿಲ್ಲ. ಈಗ ಬಿಳಿ ಬಿಳಿಯಾಗಿಯೇ ಇದೆ. ಪ್ರಖರತೆಯನ್ನು ಅರ್ಧಕ್ಕಿಳಿಸಿದ್ದೇನೆ, ರಾತ್ರಿಗೆ ಅದು ಧಾರಾಳ. ದೀಪಾವಳಿಯ ಹೊತ್ತಿಗೆ ಹಿಂಗಾರು ಮಳೆ ಇನ್ನೂ ಬಿಟ್ಟಿರುವುದಿಲ್ಲ. ಪೂರೈಕೆಯ ಪೆಟ್ಟಿಗೆ ಸೂರಿನ ಒಳಗೇ ಇರಲಿ.