ಹೊಸ ಆಂಪ್ ತರೋ ಮುಂಚೆ ಸ್ಪೀಕರ್ ಹಿಂದಿನ ಲೇಬಲ್ ಓದ್ರಿ

ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆ ಈಗ ಒಳ್ಳೆ ಸ್ಪೀಕರ್ ಇಟ್ಕೊಂಡ ಮನಿ ಕಡಿಮಿ ಏನಿಲ್ಲ. ಬೆಂಗಳೂರಾಗ ಸೆಕೆಂಡ್ ಹ್ಯಾಂಡ್ ತಗೊಂಡು ಹಂಪಿ ಎಕ್ಸ್‌ಪ್ರೆಸ್ಸಿನ್ಯಾಗ ಸೀಟ್ ಕೆಳಗ ತುರುಕಿ ತರೋರು ಅದಾರ, ಹೈದರಾಬಾದ್ ಕೋಠಿಗೆ ಹೋಗಿ ತರೋರೂ ಅದಾರ. ಆಮ್ಯಾಲೆ ಮಾಡೋದು ಮಾತ್ರ ಎಲ್ಲಾರೂ ಒಂದೇ. ಸೌಂಡ್ ಮನಸಿಗೆ ಬರ್ಲಿಲ್ಲ ಅಂದ ಕೂಡ್ಲೆ "ಆಂಪ್ (ಸ್ಪೀಕರಿಗೆ ದನಿ ದೊಡ್ಡದು ಮಾಡಿ ಕೊಡೋ ಆಂಪ್ಲಿಫೈಯರ್) ವೀಕ್ ಐತಿ" ಅಂತ ತಾವೇ ತೀರ್ಮಾನ ಮಾಡೋದು, ಡಬ್ಬಿ ಮ್ಯಾಲೆ ದೊಡ್ಡ ವಾಟ್ ಬರೆದಿರೋದು ಇನ್ನೊಂದು ತರೋದು, ಅದೂ ಹಿಡಿಸ್ಲಿಲ್ಲ ಅಂದ್ರ ದುಬಾರಿ ಕೇಬಲ್ ಬುಕ್ ಮಾಡೋದು. ಇಂಥವು ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದ್ದೀನಿ.

ಮೊದಲು ಇರೋ ಸ್ಪೀಕರ್ ಆರೋಗ್ಯ ನೋಡ್ರಿ

ವೂಫರ್ (ದಪ್ಪ ದನಿ ಕೊಡೋ ದೊಡ್ಡ ಕೋನ್) ಸುತ್ತ ಇರೋ ಅಂಚು ಫೋಮಿನದಾಗಿದ್ರ ಬೆರಳಿಂದ ಹಗೂರಕ ಮುಟ್ಟಿ ನೋಡ್ರಿ, ಪುಡಿ ಉದುರಿದ್ರ ಅದರ ಕಥಿ ಮುಗೀತು, ಅಂಚು ಬದಲಿಸ್ಬೇಕು. ರಬ್ಬರ್ ಅಂಚಾದ್ರ ಬಾಳ ವರ್ಷ ಬರ್ತೈತಿ. ಟ್ವೀಟರ್ (ಚೂಪು ದನಿ ಕೊಡೋ ಸಣ್ಣ ಭಾಗ) ಡೋಮ್ ಮಾತ್ರ ಮುಟ್ಟಬ್ಯಾಡ್ರಿ, ಸಂಡೂರು ರೋಡಿನ ಕೆಂಪು ಧೂಳು ಎಷ್ಟೇ ಕುಂತಿರ್ಲಿ, ವ್ಯಾಕ್ಯೂಮ್ ಅಂತೂ ಬ್ಯಾಡೇ ಬ್ಯಾಡ.

ಆಮ್ಯಾಲೆ ರೂಮು

ನಮ್ಮ ಮನಿ ಅಂದ್ರ ಕೆಳಗ ಶಹಾಬಾದಿ ಕಲ್ಲು ಇಲ್ಲಾ ಟೈಲ್ಸ್, ಮ್ಯಾಲೆ ಆರ್‌ಸಿಸಿ, ಕಿಟಕಿ ಎರಡೇ. ನಡು ನಿಂತು ಒಂದು ಚಪ್ಪಾಳಿ ಹೊಡೀರಿ, ಟಣ್ ಅಂತ ಎಳದ್ರ ಎಷ್ಟು ಲಕ್ಷದ ಸ್ಪೀಕರ್ ಇಟ್ರೂ ದನಿ ಕಿವಿಗೆ ಚುಚ್ಚತೈತಿ. ನೆಲಕ್ಕ ದಪ್ಪನ ಜಮಖಾನ, ಎದುರು ಗೋಡಿಗೆ ಮನ್ಯಾಗಿರೋ ಕೌದಿ ಎರಡು ಮಡಿಕಿ ಮಾಡಿ ತೂಗಹಾಕ್ರಿ. ಬಳ್ಳಾರಿಯೋರಿಗೆ ಇನ್ನೊಂದು ಉಪಾಯ ಐತಿ, ಜೀನ್ಸ್ ಹೊಲಿಯೋ ಕಡಿಂದ ಚಿಂದಿ ತಂದು ಚೀಲದಾಗ ಗಟ್ಟಿಯಾಗಿ ತುಂಬದೆ ಸಡಿಲ ತುಂಬಿ ಮೂಲ್ಯಾಗ ಇಡ್ರಿ, ದನಿಯ ಕೆಳಗಿನ ಭಾಗಕ್ಕೂ ಸ್ವಲ್ಪ ಹಿಡಿತ ಬರ್ತೈತಿ. ಆದ್ರ ಇದ್ರಿಂದ ಬೇಸ್ ಪೂರಾ ಸರಿ ಹೋಗತೈತಿ ಅಂತ ಮಾತ್ರ ಅನ್ಕೋಬ್ಯಾಡ್ರಿ. 12 ಅಡಿ ಗೋಡಿ ನಡುವೆ 47 ಹರ್ಟ್ಜ್ (ಸೆಕೆಂಡಿಗೆ 47 ಸಲ ಅದುರೋ) ಆಸುಪಾಸಿನ ದಪ್ಪ ದನಿ ಗುಂಯ್ ಅಂತ ನಿಲ್ಲತೈತಿ, ಅದನ್ನ ಕೌದಿ ತಡಿಯಲ್ಲ, ಕೂರೋ ಕುರ್ಚಿ ಒಂದಡಿ ಮುಂದ ಹಿಂದ ಮಾಡಿದ್ರ ಕಿವಿಗೆ ಕಡಿಮಿ ಬೀಳತೈತಿ.

ಸ್ಪೀಕರ್ ಗೋಡಿಗೆ ಅಂಟಿಸಿ ಇಡಬ್ಯಾಡ್ರಿ, ಟಿವಿ ಶೋಕೇಸ್ ಒಳಗಂತೂ ಬ್ಯಾಡವೇ ಬ್ಯಾಡ. ಹಿಂದಿನ ಗೋಡಿಯಿಂದ ವೂಫರ್ 85 ಸೆಂಟಿಮೀಟರ್ ದೂರ ಇದ್ರ 100 ಹರ್ಟ್ಜ್ ಹತ್ರದ ದನಿ ಕಡಿಮಿ ಆಗಿ ಒಂದು ತಗ್ಗು ಬೀಳತೈತಿ, ಅದು ತಬಲಾದ ಬಾಂಯಾ (ಎಡಗೈ ಡಗ್ಗಾ) ಇರೋ ಜಾಗದ ಹತ್ರನೇ. ಅದಕ್ಕ ಅಳತೆಪಟ್ಟಿ ಬಿಟ್ಟು ಕಿವಿಲಿಂದ ಹೊಂದಿಸ್ರಿ, ಸಿದ್ದರಾಮ ಜಂಬಲದಿನ್ನಿಯವರ ಹಾಡಿಕಿ ಹಚ್ಚಿ ತಂಬೂರಿ ಶ್ರುತಿ ಅಗಲವಾಗಿ ಹರಡಿ, ಗಾಯಕರು ನಡು ಕುಂತಂಗ ಆಗೋವರೆಗೂ ಜರುಗಸ್ರಿ. ಇಷ್ಟರಾಗೇ ಅರ್ಧ ಮಂದಿಗೆ ಹೊಸ ಆಂಪ್ ಬೇಕಾಗಂಗಿಲ್ಲ.

ಈಗ ಆಂಪ್ ಲೆಕ್ಕ, ಇಲ್ಲೇ ಎಲ್ಲಾರೂ ಎಡವೋದು

ಸ್ಪೀಕರ್ ಹಿಂದೆ ಇಲ್ಲಾ ಮ್ಯಾನ್ಯುಯಲ್‌ನ್ಯಾಗ ಸೆನ್ಸಿಟಿವಿಟಿ ಅಂತ ಒಂದು ನಂಬರ್ ಇರ್ತೈತಿ, 85 ಡಿಬಿ, 90 ಡಿಬಿ ಹಂಗ (ಡಿಬಿ ಅಂದ್ರ ಡೆಸಿಬೆಲ್, ಸೌಂಡ್ ಎಷ್ಟು ಜೋರು ಅನ್ನೋ ಅಳತಿ). 2.83 ವೋಲ್ಟ್ ಕೊಟ್ರ 1 ಮೀಟರ್ ದೂರದಾಗ ಎಷ್ಟು ಸೌಂಡ್ ಬರ್ತೈತಿ ಅನ್ನೋ ಲೆಕ್ಕ ಅದು. 8 ಓಮ್ (ಓಮ್ ಅಂದ್ರ ಸ್ಪೀಕರ್ ಕರೆಂಟಿಗೆ ಒಡ್ಡೋ ತಡಿ) ಸ್ಪೀಕರಿಗೆ 2.83 ವೋಲ್ಟ್ ಅಂದ್ರ ಸರಿಯಾಗಿ 1 ವಾಟ್, ಆದ್ರ 4 ಓಮಿಂದಕ್ಕ ಅದೇ ವೋಲ್ಟು 2 ವಾಟ್ ಆಗತೈತಿ. ಅಂದ್ರ 4 ಓಮ್ ಸ್ಪೀಕರ್ ಮ್ಯಾಲೆ 88 ಡಿಬಿ ಅಂತ ಬರೆದಿದ್ರ 1 ವಾಟಿಗೆ ಅದು 85 ಡಿಬಿನೇ, ಕಂಪನಿಯೋರು ಸುಳ್ಳು ಹೇಳಿಲ್ಲ, ಆದ್ರ ನಾವು ಓದೋದು ತಪ್ಪು.

ಇನ್ನೊಂದು ನಿಯಮ ತಲ್ಯಾಗ ಇಟ್ಕೋರಿ: ಪ್ರತಿ 3 ಡಿಬಿ ಜಾಸ್ತಿಗೆ ವಾಟ್ ಡಬಲ್ ಬೇಕು, 10 ಡಿಬಿಗೆ ಹತ್ತು ಪಟ್ಟು. ಅಂಗಡಿಯೋರು "ಅಣ್ಣಾ, 50 ತೆಗದು 100 ವಾಟ್ ಹಾಕ್ರಿ, ಮನಿ ನಡುಗತೈತಿ ನೋಡ್ರಿ" ಅಂತಾರಲ್ಲ, ಆ ಡಬಲ್ಲಿಂದ ಸಿಗೋದು ಬರೇ 3 ಡಿಬಿ, ವಾಲ್ಯೂಮ್ ಸ್ವಲ್ಪ ಏರಿಸಿದಂಗ ಅಷ್ಟೇ.

ಉದಾಹರಣೆಗೆ 2012ರಾಗ ಬಂದ ಕೆಇಎಫ್ ಎಲ್‌ಎಸ್50 ಸ್ಪೀಕರ್ ತಗೋರಿ, 85 ಡಿಬಿ. ನಮ್ಮ ಹಾಲ್‌ನ್ಯಾಗ 3 ಮೀಟರ್ ದೂರ ಕುಂತ್ರ ಎರಡೂ ಸ್ಪೀಕರ್ ಸೇರಿ, ಗೋಡಿಂದ ತಿರುಗಿ ಬರೋದೂ ಸೇರಿ, 1 ವಾಟಿಗೆ ಹೆಚ್ಚೂಕಡಿಮಿ 80 ಡಿಬಿ ಅನ್ಕೋರಿ. ಮಾಮೂಲಿ ಕೇಳಕ್ಕ ಇಷ್ಟು ಸಾಕು. ಆದ್ರ ತಬಲಾ ಏಟು, ಡೊಳ್ಳಿನ ಏಟು ಸರಾಸರಿಗಿಂತ 15-20 ಡಿಬಿ ಮ್ಯಾಲೆ ಜಿಗೀತಾವ, 20 ಡಿಬಿ ಅಂದ್ರ ನೂರು ಪಟ್ಟು, ಅಂದ್ರ 100 ವಾಟ್. ಅದೇ ಜಾಗದಾಗ 99 ಡಿಬಿ ಇರೋ ಕ್ಲಿಪ್ಶ್ ಹೆರೆಸಿ ಸ್ಪೀಕರ್ ಇಟ್ರ ಅದೇ ಏಟಿಗೆ 4 ವಾಟ್ ಸಾಕು. ಹಿಂಗಾಗಿ 8 ವಾಟಿನ ವಾಲ್ವ್ (ಹಳೇ ರೇಡಿಯೋದಾಗಿನಂಥ ಗಾಜಿನ ಟ್ಯೂಬ್) ಆಂಪ್ ಒಬ್ಬರ ಮನ್ಯಾಗ ಸ್ವರ್ಗ, ಇನ್ನೊಬ್ಬರ ಮನ್ಯಾಗ ಲೂನಾಕ್ಕ ಟ್ರಾಲಿ ಕಟ್ಟಿದಂಗ.

ಆಮ್ಯಾಲೆ ಓಮ್. 8 ಓಮ್ ಅಂತ ಬರೆದಿದ್ರೂ ಸ್ಪೀಕರ್ ಎಲ್ಲಾ ಫ್ರೀಕ್ವೆನ್ಸಿಗೂ 8 ಇರಂಗಿಲ್ಲ, ಅದೇ ಎಲ್‌ಎಸ್50 ಒಂದು ಕಡೆ 3.2 ಓಮಿಗೆ ಇಳೀತೈತಿ ಅಂತ ಕಂಪನಿಯೋರೇ ಬರೆದಾರ. ಅಲ್ಲಿ ಆಂಪಿಂದ ಕರೆಂಟ್ ಜಾಸ್ತಿ ಎಳೀತೈತಿ. ಅದಕ್ಕ ಆಂಪ್ ತಗೊಳ್ಳುವಾಗ 8 ಓಮಿಗೆ ಎಷ್ಟು, 4 ಓಮಿಗೆ ಎಷ್ಟು ಎರಡೂ ಕೇಳ್ರಿ. 8ಕ್ಕ 60 ಇದ್ರ 4ಕ್ಕ 100 ಹತ್ರ ಇರಬೇಕು, 4 ಓಮ್ ನಂಬರೇ ಕೊಡದಿರೋ ಆಂಪ್ ನಾನಂತೂ ಮುಟ್ಟಂಗಿಲ್ಲ. ವಾಟ್ ಪಕ್ಕದಾಗ ಸಣ್ಣ ಅಕ್ಷರನೂ ಓದ್ರಿ, "1 ಕಿಲೋಹರ್ಟ್ಜ್, ಒಂದೇ ಚಾನೆಲ್, 10% ಡಿಸ್ಟಾರ್ಷನ್ (ದನಿ ಕೆಡೋದು)" ಅಂತ ಇದ್ರ ಆ ನಂಬರಿಗೆ ಬೆಲಿ ಇಲ್ಲ, ಎರಡೂ ಚಾನೆಲ್, 20ರಿಂದ 20,000 ಹರ್ಟ್ಜ್ ತನಕ ಕೊಟ್ಟಿರೋದನ್ನ ನಂಬ್ರಿ. ಪಿಎಂಪಿಒ (ಡಬ್ಬಿ ಮ್ಯಾಲೆ ದೊಡ್ಡದಾಗಿ ಹಾಕೋ ಪೀಕ್ ವಾಟ್ ನಂಬರ್) ಬಗ್ಗೆ ಬರಿಯಕ್ಕೂ ಬ್ಯಾಸರ, ಅದಕ್ಕ ಸ್ಟ್ಯಾಂಡರ್ಡೇ ಇಲ್ಲ, ಮನಸಿಗೆ ಬಂದ ಸೊನ್ನೆ ಹಾಕ್ತಾರ.

ಆನ್‌ಲೈನ್‌ನ್ಯಾಗ ಬರೋ ಅಂಗೈಯಷ್ಟು ಬೋರ್ಡ್ ಆಂಪ್ "50+50 ವಾಟ್" ಅಂತಾವ, ಜೊತಿಗೆ ಕೊಡೋದು 12 ವೋಲ್ಟ್ 3 ಆಂಪಿಯರ್ ಅಡಾಪ್ಟರ್. 12ನ್ನ 3ರಿಂದ ಗುಣಸ್ರಿ, ಒಳಗ ಹೋಗೋದೇ 36 ವಾಟ್, ಹೊರಗ 100 ಹೆಂಗ ಬರ್ತೈತಿ? 12 ವೋಲ್ಟಿಗೆ 8 ಓಮ್‌ನ್ಯಾಗ ಚಾನೆಲ್ಲಿಗೆ 9 ವಾಟ್ ದಾಟಂಗಿಲ್ಲ. ಇಂಥದ್ದನ್ನ ಫುಲ್ ವಾಲ್ಯೂಮ್ ಕೊಟ್ಟು ಹೊಡದ್ರ ದನಿ ಅಲೆಯ ತಲಿ ಚಪ್ಪಟಿ ಆಗಿ ಟ್ವೀಟರ್ ಸುಡತೈತಿ, "ಸಣ್ಣ ಆಂಪ್ ಅಲ್ಲಾ, ಏನಾಗತೈತಿ" ಅನ್ನೋರೇ ಟ್ವೀಟರ್ ಬದಲಿಸೋದು ಜಾಸ್ತಿ.

ನನ್ನ ಮಾತು ಕೇಳೋದಾದ್ರ 85-88 ಡಿಬಿ ಸ್ಪೀಕರಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರೋ 80-100 ವಾಟಿನ ಕ್ಲಾಸ್ ಎಬಿ ಆಂಪ್ ಸಾಕು (ಕ್ಲಾಸ್ ಅಂದ್ರ ಆಂಪ್ ಒಳಗಿನ ಸರ್ಕ್ಯೂಟಿನ ಬಗಿ). ಕ್ಲಾಸ್ ಎ ದನಿ ಚೆಂದ, ಆದ್ರ ಹಾಡು ಇರ್ಲಿ ಬಿಡ್ಲಿ ಅದು ಕಾಯ್ತಾನೇ ಇರ್ತೈತಿ, ಏಪ್ರಿಲ್-ಮೇ ಬಿಸಲಾಗ ಬಳ್ಳಾರ್ಯಾಗ ಯಾರಿಗೆ ಬೇಕು ಆ ಒಲಿ. ಕ್ಲಾಸ್ ಡಿ ತಣ್ಣಗಿರ್ತೈತಿ, ಈಗೀಗ ಒಳ್ಳೇವೂ ಬಂದಾವ. ವಾಲ್ವ್ ತಂದೋರು ಒಂದು ನೆನಪಿಡ್ರಿ, ಸ್ಪೀಕರ್ ಕನೆಕ್ಟ್ ಮಾಡದೆ ಆನ್ ಮಾಡಿದ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು.

ವೈರು, ಕರೆಂಟು

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಒಂದು ತಿರುಗಾಮುರುಗಾ ಆದ್ರ ಬೇಸ್ ಮಾಯ. ಮನಿ ವೈರಿಂಗಿಗೆ ಹಾಕೋ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಧಾರಾಳ ಸಾಕು, ಮ್ಯಾಲೆ ತಾಮ್ರ ಒಳಗ ಅಲ್ಯೂಮಿನಿಯಂ ಇರೋ ವೈರ್ ಬಾಳ ಬಂದಾವ, ಬ್ಲೇಡಿಂದ ಕೆರದು ನೋಡಿ ಬೆಳ್ಳಗ ಕಂಡ್ರ ವಾಪಸ್ ಕೊಡ್ರಿ. ಲೈನ್ ಏರಿಳಿತ ಇರೋ ಕಡೆ ಸರ್ವೋ ಸ್ಟೆಬಿಲೈಜರ್ ಹಾಕ್ರಿ. ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲೆ ಆಂಪ್ ಗುಂಯ್ ಅಂದ್ರ ಆಂಪ್ ಕೆಟ್ಟಿಲ್ಲ, ಇನ್ವರ್ಟರಿಂದು. ಕರೆಂಟ್ ಇದ್ದಾಗಲೂ ಹಮ್ ಬಂತಂದ್ರ ಡಿಟಿಎಚ್ ಕೇಬಲ್ ಕಿತ್ತು ನೋಡ್ರಿ, ನಿಂತ್ರ ಗ್ರೌಂಡ್ ಲೂಪ್ (ಎರಡು ದಾರಿಲಿಂದ ಅರ್ಥ್ ಸೇರಿ ಸುತ್ತು ಆಗಿರೋದು). ಅದಕ್ಕ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸೋರು ಅದಾರ, ದಯಮಾಡಿ ಆ ಕೆಲಸ ಮಾಡಬ್ಯಾಡ್ರಿ, ಶಾಕ್ ಹೊಡದ್ರ ಜೀವ ಹೋಗತೈತಿ.

ಹಳೇ ಆಂಪ್ ಮಾರೋ ಮುಂಚೆ

ಹೊಸದು ಬಂದ ದಿನ ಎಲ್ಲಾ ಚೊಲೋ ಕೇಳತೈತಿ, ಯಾಕಂದ್ರ 1 ಡಿಬಿ ಜೋರಿದ್ರೂ ಕಿವಿ ಅದನ್ನೇ ಚೊಲೋ ಅಂತೈತಿ. ಫೋನಿಂದ 100 ಹರ್ಟ್ಜ್ ಟೋನ್ ಹಚ್ಚಿ, ಮಲ್ಟಿಮೀಟರ್ ಎಸಿ ವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್ ಮ್ಯಾಲೆ ಎರಡೂ ಆಂಪಿಂದ ಒಂದೇ ವೋಲ್ಟ್ ಬರೋ ಹಂಗ ವಾಲ್ಯೂಮ್ ಹೊಂದಿಸ್ರಿ, ಸಾವಿರ ಹರ್ಟ್ಜ್ ಟೋನ್ ಬ್ಯಾಡ, ಅಗ್ಗದ ಮೀಟರ್ ಅಲ್ಲಿ ತಪ್ಪು ತೋರಸ್ತಾವ. ಆಮ್ಯಾಲೆ ಯಾವುದು ಓಡ್ತಿದೆ ಅಂತ ಹೇಳದೆ ಮನಿ ಮಂದೀನ ಕೂಡ್ಸಿ ಕೇಳಸ್ರಿ. ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರ ರಿಟರ್ನ್ ಟೈಮ್ ಮುಗಿಯೋದ್ರಾಗ ವಾಪಸ್ ಕಳಸ್ರಿ, ಅಲ್ಲೀತನಕ ಡಬ್ಬಿ ಮತ್ತ ಥರ್ಮಾಕೋಲ್ ಒಗೀಬ್ಯಾಡ್ರಿ.